ಟ್ರಾಂ ಓಡಿಸುವ ಸಂಘವೊಂದನ್ನು ಕಾಸರಗೋಡಿನಲ್ಲಿ ಕಟ್ಟಬಹುದೇ?

ಕುಂಬಳೆ ಲೈನ್‌ಮನ್:
ಎಲ್ಲರಿಗೂ ನಮಸ್ಕಾರ. ಮೂವತ್ತೆರಡು ವರ್ಷ ವಿದ್ಯುತ್ ಕಂಬ ಹತ್ತಿ ನಿವೃತ್ತನಾದವನು ನಾನು. ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದು ಹೋದ ವಾರ ಊರಿಗೆ ಮರಳಿದೆ. ಒಂದು ವಿಷಯ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಮಗಳ ಮನೆ ಇರುವುದು ಬ್ಯಾಲರಾಟ್ ಎಂಬ ಊರಿನಲ್ಲಿ. ಅಲ್ಲಿ ವೆಂಡೂರಿ ಎಂಬ ದೊಡ್ಡ ಕೆರೆ. ಅದರ ದಂಡೆಯಲ್ಲಿ, ಸಸ್ಯೋದ್ಯಾನದ ಬದಿಯಲ್ಲಿ, ಹಳೆಯ ಟ್ರಾಂ ಓಡುತ್ತದೆ. ಊರಿನ ಟ್ರಾಂ ಸೇವೆ 1971ರಲ್ಲಿ ನಿಂತುಹೋದಾಗ ಆಸಕ್ತರು ಸಂಘ ಕಟ್ಟಿಕೊಂಡು ಕೆರೆಬದಿಯ ಒಂದು ತುಂಡು ಹಳಿಯನ್ನು ಉಳಿಸಿಕೊಂಡರಂತೆ. 1974ರಿಂದ ಅವರೇ ಓಡಿಸುತ್ತಿದ್ದಾರೆ. ಚಾಲಕ, ನಿರ್ವಾಹಕ, ಬಣ್ಣ ಬಳಿಯುವವರು, ಎಣ್ಣೆ ಹಾಕುವವರು ಎಲ್ಲರೂ ಸ್ವಯಂಸೇವಕರು. 1887ರ ಕುದುರೆ ಟ್ರಾಂ ಒಂದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಮೊದಲ ವಾರ ಪ್ರಯಾಣಿಕನಾಗಿ ಹೋದೆ. ಎರಡನೆಯ ವಾರ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ನನ್ನ ಕೈಗಳನ್ನು ನೋಡಿ ಯಾವ ಕೆಲಸದಲ್ಲಿದ್ದೆ ಎಂದು ಕೇಳಿದರು. ಹೇಳಿದೆ. ಚಹಾ ಕೊಟ್ಟರು, ಆಮೇಲೆ ಒಂದು ಬಟ್ಟೆಯ ತುಂಡು ಕೊಟ್ಟರು. ಕಿಟಕಿಯ ಹಿತ್ತಾಳೆ ಚೌಕಟ್ಟುಗಳನ್ನು ಒರೆಸಿದೆ. ಆಮೇಲಿನ ಹತ್ತು ಶನಿವಾರ ನಾನು ಮನೆಯಲ್ಲಿರಲಿಲ್ಲ!

ನನ್ನ ಪ್ರಶ್ನೆ ಇಷ್ಟು. ಕೋಲ್ಕತ್ತಾದ ಟ್ರಾಂಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ ಎಂದು ಕೇಳುತ್ತೇನೆ. ಅದರಲ್ಲಿ ಒಂದನ್ನು ತಂದು, ಇಲ್ಲೇ ಎಲ್ಲಾದರೂ ಮುನ್ನೂರು ಮೀಟರ್ ಹಳಿ ಹಾಕಿ, ನಾವು ಇಪ್ಪತ್ತು ಇಪ್ಪತ್ತೈದು ಜನ ಸೇರಿ ಓಡಿಸಲು ಸಾಧ್ಯವೇ? ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಮುಳ್ಳೇರಿಯದಿಂದ:
ಟ್ರಾಂ ಓಡಿಯೇ ಇಲ್ಲದ ಜಿಲ್ಲೆಯಲ್ಲಿ ಟ್ರಾಂ ಪರಂಪರೆ ಎಲ್ಲಿಂದ ಬಂತು? ನಮ್ಮಲ್ಲಿ ಉಳಿಸಿಕೊಳ್ಳಬೇಕಾದದ್ದು ಬೇಕಾದಷ್ಟಿದೆ, ಅದಕ್ಕೇ ಜನ ಸಿಗುತ್ತಿಲ್ಲ.

ನೀರ್ಚಾಲು ಮಾಸ್ತರ್:
ಮುಳ್ಳೇರಿಯದವರ ಮಾತನ್ನು ಪೂರ್ತಿ ಒಪ್ಪಲಾರೆ. 1956ರ ನವೆಂಬರ್ 1ರ ತನಕ ಕಾಸರಗೋಡು ಇದ್ದದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮದ್ರಾಸ್ ನಮ್ಮ ರಾಜಧಾನಿ. ಅಲ್ಲಿ 1895ರಿಂದ 1953ರ ತನಕ ವಿದ್ಯುತ್ ಟ್ರಾಂ ಓಡಿದೆ. ನನ್ನ ದೊಡ್ಡಪ್ಪ ಅಲ್ಲಿ ಓದುತ್ತಿದ್ದಾಗ ಅದರಲ್ಲೇ ಕಾಲೇಜಿಗೆ ಹೋಗುತ್ತಿದ್ದರು. ಮಳೆ ಬಂದರೆ ನಿರ್ವಾಹಕನು ಕಿಟಕಿಯ ಕ್ಯಾನ್ವಾಸ್ ಪರದೆ ಇಳಿಸುತ್ತಿದ್ದುದನ್ನು ಅವರು ನಮಗೆ ಅಭಿನಯಿಸಿ ತೋರಿಸುತ್ತಿದ್ದರು. ಆ ಟ್ರಾಂ ನಮ್ಮದು ಅಲ್ಲವೆನ್ನಲು ಹೇಗೆ ಸಾಧ್ಯ?

ಉಪ್ಪಳ ಕಡಲು:
ಭಾರತದ ಮೊದಲ ವಿದ್ಯುತ್ ಟ್ರಾಂ ಕೋಲ್ಕತ್ತಾದ್ದಲ್ಲವೇ ಮಾಸ್ತರರೇ?

ನೀರ್ಚಾಲು ಮಾಸ್ತರ್:
ಅಲ್ಲ. ಕೋಲ್ಕತ್ತಾದಲ್ಲಿ 1873ರಲ್ಲಿ ಓಡಿದ್ದು ಕುದುರೆ ಎಳೆಯುವ ಟ್ರಾಂ. ಅದೂ ಅದೇ ವರ್ಷ ನಿಂತು 1880ರಲ್ಲಿ ಮತ್ತೆ ಶುರುವಾಯಿತು. ವಿದ್ಯುತ್ ಬಂದದ್ದು 1902ರಲ್ಲಿ. ಮದ್ರಾಸಿನದು ಅದಕ್ಕಿಂತ ಏಳು ವರ್ಷ ಹಿಂದಿನದು. ಮೊದಲು ಅಲ್ಲಿ ತಂತಿ ತಲೆಯ ಮೇಲಿರಲಿಲ್ಲ. ಹಳಿಗಳ ನಡುವಿನ ಕಾಲುವೆಯಲ್ಲಿ ಹುದುಗಿಸಿದ ವಾಹಕದಿಂದ ವಿದ್ಯುತ್ ಪಡೆಯುತ್ತಿತ್ತು, ಆಮೇಲೆ ಮೇಲಿನ ತಂತಿಗೆ ಬದಲಾಯಿತು.

ಉಪ್ಪಳ ಕಡಲು:
ತಿದ್ದಿದ್ದಕ್ಕೆ ಧನ್ಯವಾದ. ಮುಂಬೈ ಟ್ರಾಂ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆಯಿಂದ ಮೂವರು ಮುಂಬೈಯ ಹೋಟೆಲುಗಳಲ್ಲಿ ದುಡಿದವರು. 1964ರ ಮಾರ್ಚ್ 31ರ ರಾತ್ರಿ ಕೊನೆಯ ಟ್ರಾಂ ಬೋರಿಬಂದರಿನಿಂದ ದಾದರಿಗೆ ಹೊರಟಾಗ ನನ್ನ ಚಿಕ್ಕಪ್ಪ ಬೀದಿಯ ಜನಜಂಗುಳಿಯಲ್ಲಿದ್ದರು. ಹೋಟೆಲಿನ ಕೆಲಸ ಮುಗಿಸಿ ಏಪ್ರನ್ ಬಿಚ್ಚದೆಯೇ ಓಡಿದ್ದರಂತೆ. ಇಷ್ಟು ಜನ ಬೀಳ್ಕೊಡಲು ಬಂದಿದ್ದಾರಲ್ಲ, ಉಳಿಸಿಕೊಳ್ಳಲು ಏಕೆ ಬರಲಿಲ್ಲ ಎಂದು ಅವರು ಸಾಯುವ ತನಕ ಕೇಳುತ್ತಿದ್ದರು.

ಮುಳ್ಳೇರಿಯದಿಂದ:
ಮಾಸ್ತರರೇ, ನಿಮ್ಮ ದೊಡ್ಡಪ್ಪನವರ ನೆನಪಿನ ಮೇಲೆ ನನಗೆ ಗೌರವವಿದೆ. ಆದರೆ ಕೋಲ್ಕತ್ತಾದ ಟ್ರಾಂ ತಂದರೆ ಅದು ಮದ್ರಾಸಿನದಾಗುವುದಿಲ್ಲ. ಒಂದೂರಿನ ವಸ್ತುವನ್ನು ಇನ್ನೊಂದೂರಿಗೆ ತಂದು ನಿಲ್ಲಿಸಿದರೆ ಅದು ಪ್ರದರ್ಶನವೇ ಹೊರತು ಪರಂಪರೆಯಲ್ಲ.

ಮಂಜೇಶ್ವರ ಮಳೆ:
ಮುಳ್ಳೇರಿಯದ ಅಣ್ಣ, ಇಂಗ್ಲೆಂಡಿನ ಕ್ರಿಚ್ ಹಳ್ಳಿಯ ಉದಾಹರಣೆ ನೋಡಿ. ಅಲ್ಲಿ ಊರಿನ ಜನರನ್ನು ಹೊತ್ತೊಯ್ಯುವ ಟ್ರಾಂ ಯಾವತ್ತೂ ಇರಲಿಲ್ಲ. ಇದ್ದದ್ದು ಸುಣ್ಣಕಲ್ಲಿನ ಕ್ವಾರಿ ಮತ್ತು ಜಾರ್ಜ್ ಸ್ಟೀಫನ್‌ಸನ್ ಹಾಕಿಸಿದ್ದ ಕಲ್ಲು ಸಾಗಿಸುವ ಹಳಿ. ಇಂದು ಅದೇ ಬ್ರಿಟನ್ನಿನ ರಾಷ್ಟ್ರೀಯ ಟ್ರಾಂ ಮ್ಯೂಸಿಯಂ.

ಕತೆ ಶುರುವಾದದ್ದು 1948ರಲ್ಲಿ. ಸೌತಾಂಪ್ಟನ್ನಿನ ಟ್ರಾಂ ಸೇವೆ ಮುಚ್ಚುವ ಹೊತ್ತಿಗೆ ಕೆಲವು ಆಸಕ್ತರು ಬೀಳ್ಕೊಡುವ ಸವಾರಿಗೆಂದು ಹೋಗಿ, ತಾವು ಕೂತಿದ್ದ 45ನೇ ಸಂಖ್ಯೆಯ ಟ್ರಾಂ ಗುಜರಿಗೆ ಹೋಗಲಿದೆ ಎಂದು ತಿಳಿದು, ಹತ್ತು ಪೌಂಡಿಗೆ ಅದನ್ನು ಕೊಂಡುಕೊಂಡರು. ನಿಲ್ಲಿಸಲು ಜಾಗವೂ ಇರಲಿಲ್ಲ. 1955ರಲ್ಲಿ ಸಂಘ ಕಟ್ಟಿದರು, ನಾಲ್ಕು ವರ್ಷ ಹುಡುಕಿ 1959ರಲ್ಲಿ ಕ್ರಿಚ್ ಕ್ವಾರಿಗೆ ಬಂದರು. 1963ರಲ್ಲಿ ಕುದುರೆ ಕಟ್ಟಿ ಓಡಿಸಿದರು, 1964ರಲ್ಲಿ ವಿದ್ಯುತ್ ಹರಿಯಿತು. ಹತ್ತು ಪೌಂಡಿನಿಂದ ಮೊದಲ ವಿದ್ಯುತ್ ಓಟದ ತನಕ ಹದಿನಾರು ವರ್ಷ!

ಕ್ವಾರಿಯ ಜಾಗ ಅವರ ಕಣ್ಣಿಗೆ ಬಿದ್ದದ್ದೂ ಇನ್ನೊಂದು ಸ್ವಯಂಸೇವಾ ಸಂಘದಿಂದ. ವೇಲ್ಸಿನ ಟಾಲಿಲ್ಲಿನ್ ಕಿರು ರೈಲನ್ನು 1951ರಿಂದ ಸ್ವಯಂಸೇವಕರೇ ಓಡಿಸುತ್ತಿದ್ದಾರೆ. ಪ್ರಪಂಚದಲ್ಲಿ ಹಾಗೆ ಉಳಿದ ಮೊದಲ ರೈಲು ಅದು. ಅವರು ತಮ್ಮ ದಾರಿಗೆ ಬೇಕಾದ ಹಳಿಯನ್ನು ಕ್ರಿಚ್ ಕ್ವಾರಿಯಿಂದ ಕಿತ್ತು ಒಯ್ಯುತ್ತಿದ್ದರು.

ಕುಂಬಳೆ ಲೈನ್‌ಮನ್:
ತಂಗಿ, ಇದು ನನಗೆ ಹೊಸ ಸಂಗತಿ. ಎಲ್ಲಿ ಓದಿದಿರಿ? ನೀವು ಇಂಜಿನಿಯರಿಂಗ್ ವಿದ್ಯಾರ್ಥಿನಿಯೇ?

ಮಂಜೇಶ್ವರ ಮಳೆ:
ಹೌದು, ಎಲೆಕ್ಟ್ರಿಕಲ್ ಮೂರನೇ ವರ್ಷ. ಹಳೆಯ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನ) ಮೋಟಾರಿನ ನಿಯಂತ್ರಣದ ಬಗ್ಗೆ ಪಾಠದಲ್ಲಿ ಎರಡು ಪುಟ ಇದೆ. ಅಲ್ಲಿಂದ ಹುಡುಕುತ್ತಾ ಹೋದೆ. ಚಾಲಕ ಟ್ರಾಂನ ವೇಗ ನಿಯಂತ್ರಿಸುವ ಕಂಟ್ರೋಲರನ್ನು ನೀವು ನಿಜವಾಗಿ ಮುಟ್ಟಿದ್ದೀರಾ? ದಯವಿಟ್ಟು ಸ್ವಲ್ಪ ವಿವರಿಸಿ.

ಕುಂಬಳೆ ಲೈನ್‌ಮನ್:
ಮುಟ್ಟಿದ್ದೇನೆ, ಶೆಡ್ಡಿನ ಒಳಗೆ, ಪಕ್ಕದಲ್ಲಿ ತರಬೇತುದಾರರು ನಿಂತಿರುವಾಗ. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಮೇಲೆ ಹಿತ್ತಾಳೆಯ ಹಿಡಿಕೆ. ಹಿಡಿಕೆಯನ್ನು ಒಂದೊಂದೇ ಮೆಟ್ಟಿಲು ತಿರುಗಿಸಬೇಕು. ಮೊದಲ ಮೆಟ್ಟಿಲುಗಳಲ್ಲಿ ಎರಡು ಮೋಟಾರುಗಳು ಒಂದರ ಹಿಂದೆ ಒಂದು ಸರಪಳಿಯ ಹಾಗೆ ಇರುತ್ತವೆ. ತಂತಿಯ ವೋಲ್ಟೇಜು ಎರಡಕ್ಕೂ ಅರ್ಧರ್ಧ ಹಂಚಿಹೋಗುತ್ತದೆ, ಟ್ರಾಂ ನಿಧಾನಕ್ಕೆ ಹೊರಡುತ್ತದೆ. ಆಚೆಯ ಮೆಟ್ಟಿಲುಗಳಲ್ಲಿ ಎರಡೂ ಸಮಾನಾಂತರವಾಗಿ, ಒಂದೊಂದಕ್ಕೂ ಪೂರ್ತಿ ವೋಲ್ಟೇಜು. ನಡುವಿನ ಮೆಟ್ಟಿಲುಗಳಲ್ಲಿ ಹಿಡಿಕೆಯನ್ನು ನಿಲ್ಲಿಸಿಕೊಂಡು ಕೂತರೆ ವಿದ್ಯುತ್ತನ್ನು ತಡೆದು ತಗ್ಗಿಸುವ ರೆಸಿಸ್ಟರುಗಳು ಕಾದು ಕೆಂಪಾಗುತ್ತವೆ. ಎಲ್ಲಿ ತಡೆಯಬೇಕು, ಎಲ್ಲಿ ದಾಟಬೇಕು ಎಂದು ಅಂಗಾಲಿಗೆ ತಾಗುವ ನಡುಕದಿಂದ ತಿಳಿಯಬೇಕು. ಪುಸ್ತಕದ ಎರಡು ಪುಟದಲ್ಲಿ ಆ ನಡುಕ ಇಲ್ಲ, ತಂಗಿ.

ಗಂಟೆಯ ಲೆಕ್ಕ ನನಗೆ ಕಲಿಸಿದ್ದು ನಿಮ್ಮದೇ ಪ್ರಾಯದ ಒಬ್ಬ ಹುಡುಗಿ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ದಾರಿಯ ಕೊನೆಯಲ್ಲಿ ಟ್ರಾಂನ ಮಾಡಿನಿಂದ ಮೇಲಿನ ತಂತಿಗೆ ತಾಗಿ ವಿದ್ಯುತ್ ಪಡೆಯುವ ಟ್ರಾಲಿ ಕಂಬವನ್ನು ಹಗ್ಗ ಹಿಡಿದು ತಂತಿಯಿಂದ ಇಳಿಸಿ, ಸುತ್ತು ನಡೆದು, ಇನ್ನೊಂದು ದಿಕ್ಕಿಗೆ ತಿರುಗಿಸಿ ಮತ್ತೆ ತಂತಿಗೆ ಕೂರಿಸುವುದನ್ನೂ ಅವಳೇ ತೋರಿಸಿದಳು. ಆ ಕೆಲಸ ನನಗೆ ಒಂದೇ ಸಲಕ್ಕೆ ಬಂತು.

ಹೌರಾ ಕನ್ನಡಿಗ:
ಕುಂಬಳೆಯವನೇ ನಾನು, ಹದಿನೆಂಟು ವರ್ಷದಿಂದ ಹೌರಾದಲ್ಲಿದ್ದೇನೆ. ಲೈನ್‌ಮನ್ ಅಣ್ಣನ ಉತ್ಸಾಹವನ್ನು ತಣಿಸಲು ಮನಸ್ಸಿಲ್ಲ, ಆದರೂ ಕಠಿಣವಾಗಿಯೇ ಹೇಳಬೇಕಾಗಿದೆ. ದಯವಿಟ್ಟು ನಮ್ಮ ಟ್ರಾಂಗಳನ್ನು ಒಯ್ಯಲು ಬರಬೇಡಿ.

ಇಲ್ಲಿನ ಪರಿಸ್ಥಿತಿ ಹೀಗಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾರಿಗೆ ಸಚಿವರು, ಎಸ್ಪ್ಲನೇಡ್ ಮತ್ತು ಮೈದಾನದ ನಡುವಿನ ಪರಂಪರೆ ಮಾರ್ಗ ಒಂದನ್ನು ಬಿಟ್ಟು ಉಳಿದ ಟ್ರಾಂ ಸೇವೆಯನ್ನು ನಿಲ್ಲಿಸುವುದಾಗಿ ಹೇಳಿದರು. ಕಲ್ಕತ್ತಾ ಟ್ರಾಂ ಯೂಸರ್ಸ್ ಅಸೋಸಿಯೇಷನ್ ಎಂಬ ಬಳಕೆದಾರರ ಸಂಘ ಇದಕ್ಕೆ ವಿರುದ್ಧವಾಗಿ ಬೀದಿಯಲ್ಲಿ ನಿಂತಿದೆ, ವಿಷಯ ಹೈಕೋರ್ಟಿನ ತನಕ ಹೋಗಿದೆ. ಅವರು ಕೇಳುತ್ತಿರುವುದು ಮ್ಯೂಸಿಯಂ ಅಲ್ಲ, ದಿನನಿತ್ಯದ ಟ್ರಾಂ. ಶಾಲೆಯ ಮಕ್ಕಳು, ಮಾರುಕಟ್ಟೆಗೆ ಹೋಗುವವರು, ವಯಸ್ಸಾದವರು ಹತ್ತುವ ಟ್ರಾಂ. ಹೊರಗಿನ ಊರುಗಳು ಒಂದೊಂದು ಟ್ರಾಂ ಕೊಂಡು ಹೋದರೆ, ನಿಲ್ಲಿಸಬೇಕೆನ್ನುವವರಿಗೆ ಅದೇ ನೆಪವಾಗುತ್ತದೆ.

ನಾನು ಇಲ್ಲಿಗೆ ಬಂದ ಹೊಸತರಲ್ಲಿ ಭಾಷೆ ಗೊತ್ತಿಲ್ಲದೆ ದಾರಿ ತಪ್ಪಿದ ರಾತ್ರಿ, ಟ್ರಾಂ ನಿರ್ವಾಹಕರೊಬ್ಬರು ತಮ್ಮ ಪಾಳಿ ಮುಗಿದ ಮೇಲೆ ನನ್ನನ್ನು ಹೌರಾ ಸೇತುವೆಯ ತನಕ ನಡೆಸಿಕೊಂಡು ಬಂದು ಬಿಟ್ಟರು. ಟ್ರಾಂ ಎಂದರೆ ನನಗೆ ಅವರು. ಆ ಮನುಷ್ಯರನ್ನು ಬಿಟ್ಟು ಗಾಡಿಯನ್ನು ಮಾತ್ರ ಕುಂಬಳೆಗೆ ತಂದು ಏನು ಮಾಡುತ್ತೀರಿ?

ಕುಂಬಳೆ ಲೈನ್‌ಮನ್:
ತಮ್ಮಾ, ನೀನು ಹೇಳಿದ್ದು ನನಗೆ ನಾಟಿತು. ಓಡುತ್ತಿರುವ ಟ್ರಾಂ ಬೇಡ. ಗುಜರಿಗೆ ಎಂದು ತೀರ್ಮಾನವಾಗಿ ಬಿದ್ದಿರುವ ಒಂದರ ಬಗ್ಗೆ ಮಾತ್ರ ನಾನು ಯೋಚಿಸಿದ್ದು. ಆದರೂ ನೀನು ಹೇಳಿದ ನೆಪದ ಮಾತು ನನಗೆ ಹೊಳೆದಿರಲಿಲ್ಲ.

ಪೆರ್ಲ ಬಡಗಿ:
ಮರದ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಹಳೆಯ ಟ್ರಾಂ ಎಂದರೆ ಕಬ್ಬಿಣದ ಅಡಿಪಾಯದ ಮೇಲೆ ಮರದ ಮನೆ ಇದ್ದಂತೆ. ಕಂಬ, ತೊಲೆ, ಕಿಟಕಿಯ ಚೌಕಟ್ಟು ಎಲ್ಲ ಸಂದು ಕೂರಿಸಿದ ಕೆಲಸ. ಮಾಡಿನ ಕ್ಯಾನ್ವಾಸ್ ಒಂದು ಕಡೆ ಬಿರಿದರೆ ನೀರು ಸಂದಿಗೆ ಇಳಿಯುತ್ತದೆ, ಎರಡು ಮಳೆಗಾಲದಲ್ಲಿ ತೊಲೆ ಕುಂಬಾಗುತ್ತದೆ. ಗೆದ್ದಲಿನ ಮಾತು ಬೇರೆ. ತೇಗಕ್ಕೆ ಗೆದ್ದಲು ಹತ್ತುವುದಿಲ್ಲ ಎನ್ನುವುದು ಎಳೆಯ ಮರದ ಬಿಳಿ ಭಾಗಕ್ಕೆ ಅನ್ವಯಿಸುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಪತ್ತನಾಜೆಯ ದಿನ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರಲ್ಲ, ಹಾಗೆಯೇ ಟ್ರಾಂ ಕೂಡ ಮಳೆಗಾಲಕ್ಕೆ ಒಳಗೆ ಹೋಗಬೇಕು. ಆ ನಾಲ್ಕು ತಿಂಗಳು ದುರಸ್ತಿ. ದೀಪಾವಳಿಯ ಬಳಿಕ ಹೊರಗೆ. ಸಂದು ಕೂರಿಸಲು ಬಲ್ಲ ಬಡಗಿಗಳು ನಮ್ಮ ಕಡೆ ಇನ್ನು ಎಷ್ಟು ಜನ ಇದ್ದೇವೆ ಎಂದು ಬೆರಳು ಮಡಚಿ ಎಣಿಸಬಹುದು. ನನ್ನ ಇಬ್ಬರು ಮಕ್ಕಳೂ ಆ ಕೆಲಸ ಕಲಿಯಲಿಲ್ಲ. ನೀವು ಟ್ರಾಂ ತಂದರೂ ತಾರದಿದ್ದರೂ, ಕಲಿಯಲು ನಾಲ್ಕು ಜನ ಬರುವುದಾದರೆ ವಾರಕ್ಕೊಂದು ದಿನ ನಾನು ಕಲಿಸುತ್ತೇನೆ.

ಲೆಕ್ಕಪತ್ರ ಬದಿಯಡ್ಕ:
ಬಡಗಿಯವರ ಮಾತು ಚೆನ್ನಾಗಿದೆ. ಹಣದ ಮಾತನ್ನು ನಾನು ಎತ್ತುತ್ತೇನೆ, ಯಾರಾದರೂ ಎತ್ತಲೇಬೇಕು. ಮುನ್ನೂರು ಮೀಟರ್ ಹಳಿ, ಜಾಗ, ಶೆಡ್, ಮಾಮೂಲಿ ಎಸಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫಯರ್, ತಾಮ್ರದ ತಂತಿ, ಸಾಗಾಟ, ಕ್ರೇನ್, ವಿಮೆ. ಪ್ರಯಾಣಿಕರನ್ನು ಕೂರಿಸಿದರೆ ಅನುಮತಿಗಳು. ಟಿಕೆಟಿನ ದುಡ್ಡಿನಿಂದ ವಿದ್ಯುತ್ ಬಿಲ್ಲೂ ಹುಟ್ಟಲಾರದು.

ನಾನು ಎರಡು ಸಂಘಗಳ ಕೋಶಾಧಿಕಾರಿಯಾಗಿದ್ದವನು. ಒಂದು ವಾಚನಾಲಯ, ಅದನ್ನು ಹೆಸರಿಸುವುದಿಲ್ಲ. ಉದ್ಘಾಟನೆಗೆ ಎಂಟುನೂರು ಜನ ಬಂದಿದ್ದರು. ಮೂರನೆಯ ವರ್ಷ ಬಾಗಿಲು ತೆರೆಯಲು ಜನವಿರಲಿಲ್ಲ. ಪುಸ್ತಕಗಳ ಮೇಲೆ ಮಾಡು ಸೋರಿತು. ಪದಾಧಿಕಾರಿಗಳ ಪಟ್ಟಿಯಲ್ಲಿ ಇಪ್ಪತ್ತೊಂದು ಹೆಸರುಗಳಿದ್ದವು, ಸೋರುವ ಜಾಗಕ್ಕೆ ಬಕೆಟ್ ಇಡಲು ಒಬ್ಬರೂ ಇರಲಿಲ್ಲ. ನಾನೂ ಅವರಲ್ಲೊಬ್ಬ. ಆ ನೋವು ಇನ್ನೂ ಇದೆ. ಆದ್ದರಿಂದ ಸಂಘ ಎಂದ ಕೂಡಲೇ ನಾನು ಕೇಳುವುದು: ಶನಿವಾರ ಬೆಳಗ್ಗೆ ಬೀಗ ತೆಗೆಯುವವರು ಯಾರು?

ಮುಳ್ಳೇರಿಯದಿಂದ:
ಇದನ್ನೇ ನಾನು ಹೇಳಲು ಹೊರಟದ್ದು.

ಜತ್ತದ ಹುಡುಗ:
ಸಾಂಗ್ಲಿ ಜಿಲ್ಲೆಯ ಜತ್ತದಿಂದ ಬರೆಯುತ್ತಿದ್ದೇನೆ, ನಾವೂ ಗಡಿಯವರೇ. ಟ್ರಾಂ ಅಲ್ಲದಿದ್ದರೂ ಅದರ ಅಕ್ಕತಂಗಿ ನಮ್ಮಲ್ಲಿತ್ತು, ಬಾರ್ಶಿ ಲೈಟ್ ರೈಲ್ವೆ. ಎವೆರಾರ್ಡ್ ಕಾಲ್ತ್ರಾಪ್ ಎಂಬ ಇಂಜಿನಿಯರ್ 762 ಮಿಲಿಮೀಟರಿನ ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವೆ ಅಷ್ಟೇ ಅಂತರ ಇಟ್ಟು, ಅದನ್ನು ಕಟ್ಟಿದರು. 1897ರಲ್ಲಿ ಕುರ್ಡುವಾಡಿ ಕಡೆಯಿಂದ ಬಾರ್ಶಿಗೆ ಶುರುವಾಗಿ, 1906ಕ್ಕೆ ಪಂಢರಾಪುರ ಮುಟ್ಟಿ, 1927ಕ್ಕೆ ಮಿರಜಿಗೆ ಬಂತು. ಒಂದೊಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಲ್ಲ ಗಾಡಿಗಳನ್ನೂ ರೂಪಿಸಿದ್ದರು, ಅದರಿಂದಲೇ ತೆಳ್ಳಗಿನ ಹಳಿ ಸಾಕಾಗಿತ್ತು.

ನಮ್ಮ ಅಜ್ಜಿ ಆಷಾಢ ಏಕಾದಶಿಗೆ ಅದರಲ್ಲೇ ಪಂಢರಾಪುರಕ್ಕೆ ಹೋಗುತ್ತಿದ್ದಳು. ಮೊಳಕಾಲಿನ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ತಾಳ. ಡಬ್ಬಿಯಲ್ಲಿ ಒಂದು ಮೂಲೆಯಿಂದ ಮರಾಠಿ ಅಭಂಗ, ಇನ್ನೊಂದು ಮೂಲೆಯಿಂದ ಪುರಂದರದಾಸರ ಪದ. ಎರಡಕ್ಕೂ ವಿಠ್ಠಲನೇ ಒಡೆಯ. ಈಗ ಇಡೀ ದಾರಿ ಬ್ರಾಡ್‌ಗೇಜ್ ಆಗಿದೆ, ಒಳ್ಳೆಯದೇ ಆಯಿತು, ಬೇಗ ತಲುಪುತ್ತೇವೆ. ಆದರೆ ಒಂದೇ ಒಂದು ಐದು ಕಿಲೋಮೀಟರನ್ನು ಹಳೆಯ ಹಾಗೆಯೇ ಬಿಟ್ಟು, ವರ್ಷಕ್ಕೊಮ್ಮೆ ಏಕಾದಶಿಯ ವಾರದಲ್ಲಿ ಓಡಿಸಬಹುದಿತ್ತು. ಹಳಿ ಕೀಳುವ ದಿನ ನಾವು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾ ನಿಂತೆವು. ನಾನೂ ತೆಗೆದೆ. ಕೀಳಬೇಡಿ ಎಂದು ಒಂದು ಅರ್ಜಿ ಬರೆಯಬಹುದು ಎಂಬುದೇ ನಮಗೆ ತೋಚಲಿಲ್ಲ.

ಹೊಸೂರು ಗಡಿ:
ನಮ್ಮ ಹೊಸೂರಿಗೂ ಕಿರು ರೈಲಿತ್ತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ, ಅಲ್ಲಿಂದ ಹೊಸೂರಿಗೆ 1913ರಲ್ಲಿ. ಬರಗಾಲದಲ್ಲಿ ಧಾನ್ಯ ತಲುಪಿಸಲೆಂದು ಹಾಕಿದ್ದು. ಯುದ್ಧಕಾಲದಲ್ಲಿ, 1941ರಲ್ಲಿ, ಮುಚ್ಚಿ ಕಿತ್ತರು. ಈಗ ನೆನಪಿರುವವರೇ ಇಲ್ಲ.

ನೀರ್ಚಾಲು ಮಾಸ್ತರ್:
ಹೊಸೂರಿನವರ ಕೊನೆಯ ವಾಕ್ಯ ಓದಿ ಒಂದು ವಿಷಯ ನೆನಪಾಯಿತು. ನಮ್ಮ ಕೇರಳದಲ್ಲೇ ಟ್ರಾಂ ಇತ್ತು. ಕೊಚ್ಚಿ ಸಂಸ್ಥಾನದ ಅರಣ್ಯ ಟ್ರಾಂವೇ, ಪರಂಬಿಕುಳಂ ಕಾಡಿನಿಂದ ಚಾಲಕುಡಿಗೆ, ಸುಮಾರು ಎಂಬತ್ತು ಕಿಲೋಮೀಟರ್. 1907ರಿಂದ 1963ರ ತನಕ ನಡೆಯಿತು. ತೇಗ, ಬೀಟೆ ಮರ ಸಾಗಿಸುತ್ತಿತ್ತು. ಬೆಟ್ಟದ ಇಳಿಜಾರುಗಳಲ್ಲಿ ಇಂಜಿನ್ ಇರಲಿಲ್ಲ. ಮರ ತುಂಬಿದ ಗಾಡಿ ಉಕ್ಕಿನ ಹಗ್ಗದಲ್ಲಿ ಕೆಳಗಿಳಿಯುವಾಗ ಅದರ ಭಾರವೇ ಖಾಲಿ ಗಾಡಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಬಾವಿಯ ರಾಟೆಗೆ ಎರಡು ಕೊಡಪಾನ ಕಟ್ಟಿದ ಹಾಗೆ.

1963ರಲ್ಲಿ ಇಪ್ಪತ್ತು ವರ್ಷದವನಾಗಿದ್ದ ಕೂಲಿಯವನಿಗೆ ಈಗ ಎಂಬತ್ತು ದಾಟಿದೆ. ಬ್ರೇಕ್ ಹಿಡಿದವರು, ಹಗ್ಗಕ್ಕೆ ಎಣ್ಣೆ ಹಾಕಿದವರು ಒಬ್ಬಿಬ್ಬರಾದರೂ ಇದ್ದರೆ ಅವರ ಮಾತನ್ನು ಮೊದಲು ಕೇಳಿ ಇಟ್ಟುಕೊಳ್ಳಬೇಡವೇ? ಇದಕ್ಕೆ ಹಳಿಯೂ ಬೇಡ, ಕ್ರೇನೂ ಬೇಡ.

ಉಪ್ಪಳ ಕಡಲು:
ಚಾಲಕುಡಿ ಎಂದರೆ ಅದಿರಪ್ಪಳ್ಳಿ ಜಲಪಾತದ ಚಾಲಕುಡಿಯೇ? ಅಲ್ಲಿಂದ ಪರಂಬಿಕುಳಂ ತನಕ ಕಾರಿನಲ್ಲಿ ಹೋಗಿ ಹಳಿಯ ಜಾಡು ನೋಡಿ ಬರಬಹುದಲ್ಲ. ರೈಲು ನಿಲ್ದಾಣಗಳಲ್ಲಿ ಕನ್ನಡದ ಫಲಕ ಇಲ್ಲದಿರುವ ಬಗ್ಗೆಯೂ ಹೋಗುವ ದಾರಿಯಲ್ಲಿ ಒಂದು ಮನವಿ ಕೊಡೋಣ.

ನೀರ್ಚಾಲು ಮಾಸ್ತರ್:
ಜಲಪಾತದ ಚಾಲಕುಡಿಯೇ. ಆದರೆ ಪರಂಬಿಕುಳಂಗೆ ಅಲ್ಲಿಂದ ಹೋಗಲಾಗದು. ಕೇರಳದ ಕಾಡಾದರೂ ವಾಹನದ ದಾರಿ ತಮಿಳುನಾಡಿನ ಪೊಳ್ಳಾಚಿ, ಸೇತುಮಡೈ ಮೂಲಕ. ಅದು ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಬೇಕು. ಮೊದಲು ಚಾಲಕುಡಿ ಸಾಕು. ಫಲಕದ ವಿಷಯ ನ್ಯಾಯವಾದದ್ದೇ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರೆಯುತ್ತೇನೆ.

ಮಂಜೇಶ್ವರ ಮಳೆ:
ನಾನು ಮಾತು ಮುದ್ರಿಸಿಕೊಳ್ಳಲು ಬರುತ್ತೇನೆ. ಮಲಯಾಳಂ ಚೆನ್ನಾಗಿ ಬರುತ್ತದೆ. ತಂತಿ ಬೇಡ, ಬ್ಯಾಟರಿಯಿಂದಲೇ ಹಳೆಯ ಕಂಟ್ರೋಲರಿಗೆ ಡಿಸಿ ಕೊಡಬಹುದು ಎಂಬ ಯೋಚನೆಯೂ ನನಗಿದೆ. ಮುನ್ನೂರು ಮೀಟರಿಗೆ ಅದು ಸುಲಭ.

ಕುಂಬಳೆ ಲೈನ್‌ಮನ್:
ಬ್ಯಾಟರಿ ನನಗೆ ಒಪ್ಪಿಗೆಯಿಲ್ಲ, ಆದರೆ ನಿಮ್ಮ ಯೋಚನೆಯಲ್ಲಿ ಹುರುಳಿದೆ. ಕೋಲ್ಕತ್ತಾದ್ದು 550 ವೋಲ್ಟಿನ ಡಿಸಿ. ತಂತಿಯಿಂದ ಬಂದ ವಿದ್ಯುತ್ ಹಳಿಯ ಮೂಲಕವೇ ಹಿಂದಕ್ಕೆ ಹೋಗಬೇಕು. ಹಳಿಯ ಸಂದುಗಳಿಗೆ ತಾಮ್ರದ ಬೆಸುಗೆ ಸರಿಯಿಲ್ಲದಿದ್ದರೆ ಅದು ಮಣ್ಣಿಗಿಳಿದು ನೆರೆಮನೆಯ ಕಬ್ಬಿಣದ ನೀರಿನ ಪೈಪನ್ನು ತಿನ್ನುತ್ತದೆ. ತಾಮ್ರಕ್ಕೆ ಕಳ್ಳರ ಕಾಟ ಬೇರೆ. ಇಷ್ಟೆಲ್ಲ ತಿಳಿದೂ ನನಗೆ ತಂತಿಯೇ ಬೇಕು, ಏಕೆಂದರೆ ಆ ಹಗ್ಗ ಹಿಡಿದು ಸುತ್ತು ಬರುವ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಬೇಕೆಂಬ ಆಸೆ. ಇದರ ಜಗಳವನ್ನು ನಾವಿಬ್ಬರೂ ರೈಲಿನಲ್ಲಿ ಮುಂದುವರಿಸೋಣ.

ಹೌರಾ ಕನ್ನಡಿಗ:
ಲೈನ್‌ಮನ್ ಅಣ್ಣ, ಫೆಬ್ರವರಿ 24 ಇಲ್ಲಿಯ ಟ್ರಾಂನ ಹುಟ್ಟುದಿನ. ಆ ಹೊತ್ತಿಗೆ ಬನ್ನಿ, ನನ್ನ ಮನೆಯಲ್ಲೇ ಇಳಿದುಕೊಳ್ಳಿ. ಹಣೆಯಲ್ಲಿ ಬಲ್ಬು ಉರಿಯುತ್ತಾ ಬರುವ ಟ್ರಾಂನಲ್ಲಿ ಒಟ್ಟಿಗೆ ಕೂರೋಣ. ಇಲ್ಲಿಯ ಚಾಲಕರೊಡನೆ ಕನ್ನಡದಿಂದ ಬಂಗಾಳಿಗೆ ನಾನು ಮಾತು ದಾಟಿಸುತ್ತೇನೆ.

ಮುಳ್ಳೇರಿಯದಿಂದ:
ಟ್ರಾಂ ತರುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಬಡಗಿಯವರೇ, ನನ್ನ ತಮ್ಮನ ಮಗನಿಗೆ ಹದಿನೇಳು ವರ್ಷ. ಮರದ ಕೆಲಸದಲ್ಲಿ ಕೈ ಚುರುಕಾಗಿದೆ. ಯಾವ ದಿನ ಕಳುಹಿಸಲಿ?

ಪೆರ್ಲ ಬಡಗಿ:
ಭಾನುವಾರ ಎಂಟು ಗಂಟೆಗೆ. ಉಳಿ ನನ್ನಲ್ಲಿದೆ, ಉಜ್ಜುವ ಕಲ್ಲು ಅವನೇ ತರಲಿ.

ಲೆಕ್ಕಪತ್ರ ಬದಿಯಡ್ಕ:
ಚಾಲಕುಡಿಗೆ ಹೋಗುವವರು ಎಷ್ಟು ಜನ ಎಂದು ತಿಳಿಸಿ, ಟಿಕೆಟ್ ನಾನು ಮಾಡಿಸುತ್ತೇನೆ. ಈಗ ನಾಲ್ಕಾಗಿದೆ: ಲೈನ್‌ಮನ್, ಮಾಸ್ತರ್, ಮಂಜೇಶ್ವರದ ತಂಗಿ, ನಾನು.

ಉಪ್ಪಳ ಕಡಲು:
ಐದು.